ಲಿಸ್ಟನ ಖಡ್ಗವೂ ಬಿಹಾರಿಯ ಪಿಟೀಲೂ

1840ನೆಯ ಇಸವಿ, ಜನವರಿ 4ರ ರಾತ್ರಿ. ಡಾನ್ಯೂಬ್ ನದಿಯ ದಡದ ಪೆಸ್ಟ್ ನಗರದಲ್ಲಿ ರಾಷ್ಟ್ರೀಯ ನಾಟಕಶಾಲೆ ಕಿಕ್ಕಿರಿದು ತುಂಬಿತ್ತು. ಹಂಗೇರಿಯ ಸಾಂಪ್ರದಾಯಿಕ ಉಡುಪನ್ನು ತೊಟ್ಟು, ಭುಜದವರೆಗೆ ಕೂದಲು ಇಳಿಬಿಟ್ಟಿದ್ದ ಇಪ್ಪತ್ತೆಂಟು ವರ್ಷದ ತರುಣನೊಬ್ಬನು ಪಿಯಾನೋದ ಮುಂದೆ ಕುಳಿತು ‘ರಾಕೋಟ್ಸಿ ಮಾರ್ಚ್’ ಎಂಬ ದಂಡಿನ ಗತಿಯನ್ನು ನುಡಿಸಿದನು. ಹದಿನೆಂಟನೆಯ ಶತಮಾನದ ಆದಿಯಲ್ಲಿ ಆಸ್ಟ್ರಿಯದ ಚಕ್ರವರ್ತಿಗೆ ಇದಿರಾಗಿ ಬಂಡೆದ್ದ ಹಂಗೇರಿಯ ರಾಜಕುಮಾರನ ಹೆಸರು ಆ ಗತಿಗೆ ಅಂಟಿಕೊಂಡಿತ್ತು. ಇನ್ನೂ ಆಸ್ಟ್ರಿಯದ ಆಳ್ವಿಕೆಯಲ್ಲೇ ಇದ್ದ ಆ ಜನರಿಗೆ ಅದು ಬರಿಯ ಕಿವಿಯ ಹಬ್ಬವಾಗಿರಲಿಲ್ಲ. ನಾಟಕಶಾಲೆ ಭೋರ್ಗರೆಯಿತು. ಆಗ ಸರದಾರರ ಒಂದು ತಂಡ ವೇದಿಕೆಯನ್ನೇರಿ, ದೇಶದ ಹೆಸರಿನಲ್ಲಿ ಅವನಿಗೊಂದು ಗೌರವ ಖಡ್ಗವನ್ನು ಅರ್ಪಿಸಿತು. ತರುಣನು ಭಾವಪರವಶನಾಗಿ ಭಾಷಣ ಮಾಡಿದನು, ಫ್ರೆಂಚ್ ಭಾಷೆಯಲ್ಲಿ! ಹಂಗೇರಿಯ ಹೆಮ್ಮೆಯ ಪುತ್ರನೆಂದು ಜನ ಯಾರಿಗೆ ಜಯಘೋಷ ಮಾಡುತ್ತಿದ್ದರೋ ಅವನಿಗೆ ಹಂಗೇರಿಯ ಭಾಷೆ ಬರುತ್ತಿರಲಿಲ್ಲ.

ಈ ತರುಣನೇ ಫ್ರಾಂಜ್ ಲಿಸ್ಟ್. ಆ ರಾತ್ರಿಯಿಂದ ಏಳು ವರ್ಷಗಳು ಕಳೆದ ಮೇಲೆ, 1847ರಲ್ಲಿ, ಅವನು ರಚಿಸಿದ ‘ಹಂಗೇರಿಯನ್ ರಾಪ್ಸೊಡಿ, ಸಂಖ್ಯೆ 2’ ಎಂಬ ಪಿಯಾನೋ ಕೃತಿ ಜಗತ್ತಿನ ಮೂಲೆಮೂಲೆಗಳನ್ನು ಮುಟ್ಟಿದೆ. ಲಿಸ್ಟನ ಹೆಸರನ್ನೇ ಕೇಳದವರೂ ಅದನ್ನು ಕೇಳಿದ್ದಾರೆ. ಬೆಕ್ಕೊಂದು ಕೋಟು ತೊಟ್ಟು ಪಿಯಾನೋ ನುಡಿಸಹೊರಡುವುದೂ, ಪಿಯಾನೋದೊಳಗೆ ಮಲಗಿದ್ದ ಇಲಿ ನಿದ್ದೆಗೆಟ್ಟು ಸೇಡು ತೀರಿಸಿಕೊಳ್ಳುವುದೂ ಆದ ‘ಟಾಮ್ ಅಂಡ್ ಜೆರ್ರಿ’ ವ್ಯಂಗ್ಯಚಿತ್ರವನ್ನು ಯಾರು ತಾನೇ ನೋಡಿಲ್ಲ? ಅಲ್ಲಿ ಆ ಪಾಪದ ಬೆಕ್ಕು ನುಡಿಸುವುದು ಇದನ್ನೇ. 1947ರ ಆ ಚಿತ್ರಕ್ಕೆ ಆಸ್ಕರ್ ಬಹುಮಾನವೂ ದೊರೆಯಿತು. ಅದಕ್ಕೆ ಕೆಲವೇ ತಿಂಗಳ ಹಿಂದೆ ಇನ್ನೊಂದು ಸಂಸ್ಥೆಯ ಮೊಲವೊಂದು ಇದೇ ಕೃತಿಯನ್ನು ನುಡಿಸಿ ತೆರೆಯ ಮೇಲೆ ಬಂದಿದ್ದುದರಿಂದ, ಕಲ್ಪನೆಯನ್ನು ಕದ್ದವರು ಯಾರೆಂದು ಎರಡು ಸಂಸ್ಥೆಗಳ ನಡುವೆ ಜಗಳವೂ ನಡೆಯಿತು.

ಕದ್ದವರು ಯಾರು ಎಂಬ ಪ್ರಶ್ನೆ ಆ ಮೊಲ ಬೆಕ್ಕುಗಳಿಗಿಂತ ಬಹಳ ಹಳೆಯದು. ಈ ಕೃತಿ ಹುಟ್ಟಿದಂದಿನಿಂದಲೂ ಅದನ್ನು ಬಿಡದೆ ಹಿಂಬಾಲಿಸಿದೆ. ಹೆಸರು ಹಂಗೇರಿಯದು. ಸಹಿ ಲಿಸ್ಟನದು. ಸಂಗೀತ ಯಾರದು?

ಲಿಸ್ಟ್ ಹುಟ್ಟಿದ್ದು 1811ರ ಅಕ್ಟೋಬರ್ 22ರಂದು, ಅಂದು ಹಂಗೇರಿಯ ರಾಜ್ಯಕ್ಕೆ ಸೇರಿದ್ದು ಇಂದು ಆಸ್ಟ್ರಿಯದಲ್ಲಿರುವ ರೈಡಿಂಗ್ ಎಂಬ ಹಳ್ಳಿಯಲ್ಲಿ. ತಂದೆ ಎಸ್ಟರ್‌ಹಾಜಿ ದೊರೆಮನೆತನದ ಜಮೀನಿನಲ್ಲಿ ನೌಕರ, ಸಂಗೀತದಲ್ಲಿ ಒಲವುಳ್ಳವನು. ಮನೆಯ ಮಾತು ಜರ್ಮನ್. ಬಾಲಕನ ಕೈಚಳಕವನ್ನು ಕಂಡ ತಂದೆ ಅವನನ್ನು ಮೊದಲು ವಿಯೆನ್ನಕ್ಕೆ, ಆಮೇಲೆ 1823ರಲ್ಲಿ ಪ್ಯಾರಿಸ್ಸಿಗೆ ಕರೆದೊಯ್ದನು. ಅಲ್ಲಿಯ ಸರ್ಕಾರಿ ಸಂಗೀತಶಾಲೆ ಪರದೇಶದವನೆಂದು ಅವನನ್ನು ಸೇರಿಸಿಕೊಳ್ಳಲಿಲ್ಲ. ಆದರೂ ಪ್ಯಾರಿಸ್ಸೇ ಅವನ ಊರಾಯಿತು, ಫ್ರೆಂಚೇ ಅವನ ಮನಸ್ಸಿನ ಮಾತಾಯಿತು. ಹುಟ್ಟಿದ ನಾಡು ಬಾಲ್ಯದ ಒಂದು ಮಸುಕಾದ ನೆನಪಾಗಿ ಉಳಿಯಿತು.

ಆ ನೆನಪಿನಲ್ಲಿ ಅಚ್ಚಳಿಯದೆ ನಿಂತಿದ್ದುದು ಒಂದು ಪಿಟೀಲಿನ ದನಿ. ಅದನ್ನು ನುಡಿಸಿದವನು ಯಾನೋಷ್ ಬಿಹಾರಿ. ಹೆಸರನ್ನು ಕೇಳಿ ವಾಚಕರು ಅವನು ನಮ್ಮ ಬಿಹಾರ ಪ್ರಾಂತದವನೆಂದು ಭ್ರಮಿಸಬೇಕಾಗಿಲ್ಲ. ಹಂಗೇರಿಯಲ್ಲೂ ಒಂದು ಬಿಹಾರ್ ಜಿಲ್ಲೆಯಿತ್ತು, ಅಲ್ಲಿಯವನೆಂಬುದೇ ಆ ಹೆಸರಿನ ಅರ್ಥ. ಬಿಹಾರಿ ರೋಮಾ ಜನಾಂಗದವನು. ಯೂರೋಪಿನವರು ಈ ಜನರನ್ನು ‘ಜಿಪ್ಸಿ’ಗಳೆಂದು ಕರೆದರು, ಹಂಗೇರಿಯವರು ‘ಸಿಗಾನ್’ ಎಂದರು. ಎರಡೂ ಊರವರು ಇಟ್ಟ ಹೆಸರುಗಳು, ಅನೇಕ ವೇಳೆ ಬೈಗುಳಕ್ಕೆ ಸಮೀಪದವು. ಬಿಹಾರಿಗೆ ಸ್ವರಲಿಪಿ ಬರುತ್ತಿರಲಿಲ್ಲ. ಅವನ ಗತಿಗಳನ್ನು ಬರೆದಿಟ್ಟವರು ಬೇರೆಯವರು. ಅರಮನೆಗಳಲ್ಲಿ ನುಡಿಸಿ ಮೆರೆದ ಅವನು 1824ರಲ್ಲಿ ಗಾಡಿಯ ಅಪಘಾತದಲ್ಲಿ ತೋಳಿಗೆ ಪೆಟ್ಟು ಮಾಡಿಕೊಂಡು, ಮೂರು ವರ್ಷಗಳ ತರುವಾಯ ಬಡತನದಲ್ಲಿ ತೀರಿಕೊಂಡನು. ಬಾಲ್ಯದಲ್ಲಿ ಕೇಳಿದ ಆ ವಾದನವನ್ನು ಲಿಸ್ಟ್ ಮುಪ್ಪಿನವರೆಗೂ ಮರೆಯಲಿಲ್ಲ.

ಬಿಹಾರಿಯಂಥವರು ನುಡಿಸುತ್ತಿದ್ದ ಸಂಗೀತಕ್ಕೆ ‘ವೆರ್ಬುಂಕೋಷ್’ ಎಂದು ಹೆಸರು. ದಂಡಿಗೆ ಆಳು ಸೇರಿಸುವುದು ಎಂಬ ಅರ್ಥದ ಜರ್ಮನ್ ಶಬ್ದದಿಂದ ಅದು ಬಂದಿದೆ. ಇದರ ಹಿನ್ನೆಲೆ ಅಷ್ಟು ರಮ್ಯವಾದದ್ದಲ್ಲ. ಚಕ್ರವರ್ತಿಯ ಸೈನ್ಯಕ್ಕೆ ಆಳುಗಳು ಬೇಕಾದಾಗ ಕುದುರೆ ಸವಾರರ ತುಕಡಿಯೊಂದು ಹಳ್ಳಿಗೆ ಬರುತ್ತಿತ್ತು. ಜೊತೆಯಲ್ಲಿ ಕೂಲಿಗೆ ಗೊತ್ತುಮಾಡಿದ ರೋಮಾ ವಾದ್ಯಗಾರರು. ಹಳ್ಳಿಯ ನಡುವೆ ಸಾರ್ಜೆಂಟನು ಕಾಲಿನ ಗೆಜ್ಜೆಮುಳ್ಳುಗಳನ್ನು ಝಣಿಸುತ್ತ ಗಂಭೀರವಾಗಿ, ಅಳೆದು ತೂಗಿ ಹೆಜ್ಜೆಯಿಡುವನು. ಕಿರಿಯ ಸಿಪಾಯಿಗಳು ಒಬ್ಬೊಬ್ಬರಾಗಿ ಸುತ್ತುಗಟ್ಟುವರು. ಗತಿ ಏರುತ್ತದೆ, ದ್ರಾಕ್ಷಾರಸದ ಬಟ್ಟಲು ಕೈಯಿಂದ ಕೈಗೆ ಸಾಗುತ್ತದೆ, ನೋಡುತ್ತ ನಿಂತ ಹಳ್ಳಿಯ ಹುಡುಗರ ಕಾಲುಗಳು ತಾವಾಗಿಯೇ ಕುಣಿಯತೊಡಗುತ್ತವೆ. ಕುಣಿತದ ಅಮಲಿನಲ್ಲಿ ಹುಡುಗನೊಬ್ಬ ಸಿಪಾಯಿಯ ಟೋಪಿಯನ್ನು ತಲೆಗೇರಿಸಿದನೋ, ತೀರಿತು! ಬೆಳಗಾಗುವಾಗ ಅವನು ಚಕ್ರವರ್ತಿಯ ಆಳು. ತಾಯಿ ಅತ್ತರೆ ಕೇಳುವವರಿಲ್ಲ. ಆಳು ಸೇರಿಸುವ ಈ ಪದ್ಧತಿ 1849ರಲ್ಲಿ ಕಡ್ಡಾಯದ ಸೈನ್ಯಸೇವೆ ಬರುವವರೆಗೂ ನಡೆಯಿತು. ಆಮೇಲೆ ಪದ್ಧತಿ ಹೋಯಿತು, ಕುಣಿತದ ಸಂಗೀತ ಉಳಿಯಿತು. ನಿಧಾನದ ಭಾಗಕ್ಕೆ ‘ಲಷ್ಷು’, ವೇಗದ ಭಾಗಕ್ಕೆ ‘ಫ್ರಿಷ್’. ಲಿಸ್ಟ್ ತನ್ನ ಕೃತಿಯ ಎರಡು ಭಾಗಗಳಿಗೆ ಇಟ್ಟ ಲಷ್ಷನ್, ಫ್ರಿಷ್ಕ ಎಂಬ ಹೆಸರುಗಳು ಇವೇ. ಇಂದು ಸಭಾಂಗಣಗಳಲ್ಲಿ ರಸಿಕರು ತಲೆದೂಗುವ ಆ ಏರುವ ಲಯ, ಹುಡುಗರನ್ನು ಯುದ್ಧಕ್ಕೆ ಸೆಳೆಯಲು ಒಡ್ಡಿದ ಬಲೆಯಾಗಿತ್ತು.

1838ರ ಮಾರ್ಚ್ ತಿಂಗಳಿನಲ್ಲಿ ಡಾನ್ಯೂಬ್ ಉಕ್ಕಿ ಪೆಸ್ಟ್ ನಗರವನ್ನು ನುಂಗಿತು. ವೆನಿಸ್ಸಿನಲ್ಲಿದ್ದ ಲಿಸ್ಟ್ ಸುದ್ದಿಯನ್ನು ತಿಳಿದು ವಿಯೆನ್ನಕ್ಕೆ ಧಾವಿಸಿ, ನೊಂದವರ ನೆರವಿಗಾಗಿ ಕಛೇರಿಗಳನ್ನು ನಡೆಸಿ ದೊಡ್ಡ ಮೊತ್ತದ ಹಣ ಕೂಡಿಸಿಕೊಟ್ಟನು. ಮರೆತ ನಾಡು ಆಗ ಅವನಿಗೆ ಮರಳಿ ದೊರೆಯಿತು ಎನ್ನಬೇಕು. ಬೆನ್ನಿಗೊಂದು ಚೀಲ ಕಟ್ಟಿಕೊಂಡು, ಕಾಲ್ನಡಿಗೆಯಲ್ಲಿ, ಒಬ್ಬನೇ ಹಂಗೇರಿಯ ಒಳನಾಡಿನ ಹಳ್ಳಿಗಳನ್ನು ಸುತ್ತಬೇಕೆಂದು ಆ ವರ್ಷ ಅವನು ಗೆಳೆಯನಿಗೆ ಬರೆದ ಕಾಗದವಿದೆ. ಹೊರಡಲಿಲ್ಲ. ಕಛೇರಿಗಳ ಸುಂಟರಗಾಳಿ ಅವನನ್ನು ಎತ್ತಿಕೊಂಡು ಹೋಯಿತು. ಲಿಸ್ಬನ್ನಿನಿಂದ ಮಾಸ್ಕೋದವರೆಗೆ, ಎಂಟು ವರ್ಷಗಳಲ್ಲಿ ಸಾವಿರದ ಹತ್ತಿರದ ಸಂಖ್ಯೆಯ ಕಛೇರಿಗಳು! ಹಂಗೇರಿಗೆ ಬಂದಾಗಲೂ ಅವನು ಇಳಿದುಕೊಂಡದ್ದು ಸರದಾರರ ಸೌಧಗಳಲ್ಲಿ. ಅಲ್ಲಿ ಕೇಳಿದ್ದು ಸರದಾರರು ಕರೆಸಿದ ರೋಮಾ ತಂಡಗಳನ್ನು. ಹೊಲದಲ್ಲಿ ದುಡಿಯುವ ರೈತ ಏನು ಹಾಡುತ್ತಾನೆಂಬುದು ಆ ಸೌಧಗಳ ಕಿಟಕಿಗಳವರೆಗೆ ಬರುತ್ತಿರಲಿಲ್ಲ.

ಈ ಕಾಲದ ಒಂದು ಪ್ರಸಂಗವನ್ನು ಲಿಸ್ಟನೇ ಬರೆದಿಟ್ಟಿದ್ದಾನೆ. ಗೆಳೆಯನಾದ ಕೌಂಟ್ ಶಾಂಡೋರ್ ಟೆಲೆಕಿ ಒಂದು ದಿನ ಪ್ಯಾರಿಸ್ಸಿನಲ್ಲಿ ಅವನ ಮನೆಗೆ ರೋಮಾ ಹುಡುಗನೊಬ್ಬನನ್ನು ಕರೆತಂದನು. ಹೆಸರು ಯೋಜಿ. ಕೈಯಲ್ಲಿ ಪಿಟೀಲು. ಇವನು ನಿನಗೆ ಉಡುಗೊರೆ ಎಂದನಂತೆ ಕೌಂಟ್! ಕುದುರೆಯನ್ನೋ ನಾಯಿಯನ್ನೋ ಕೊಟ್ಟಂತೆ ಮನುಷ್ಯನ ಮಗುವನ್ನು ಕೊಡುವುದು ಅಂದಿನ ಸರದಾರರಿಗೆ ವಿಚಿತ್ರವಾಗಿ ಕಾಣಲಿಲ್ಲ. ಲಿಸ್ಟ್ ಹುಡುಗನನ್ನು ಮಗನಂತೆ ಸಾಕಿ, ಹೆಸರಾಂತ ಗುರುಗಳಲ್ಲಿ ಪಾಠಕ್ಕೆ ಬಿಟ್ಟನು. ಹುಡುಗನಿಗೆ ರೇಷ್ಮೆಯ ಅಂಗಿ, ಸುಗಂಧ, ಕನ್ನಡಿ ಇವೆಲ್ಲ ಹಿಡಿಸಿದವು. ಸ್ವರಪಾಠ ಮಾತ್ರ ಹಿಡಿಸಲಿಲ್ಲ. ತನಗೆ ತಿಳಿದಂತೆ ನುಡಿಸುವುದೇ ಗುರುಗಳು ಹೇಳಿದ್ದಕ್ಕಿಂತ ಚೆನ್ನಾಗಿದೆಯೆಂದು ಅವನ ದೃಢವಾದ ನಂಬಿಕೆ. ಕೊನೆಗೆ ಅವನು ತನ್ನ ಜನರನ್ನು ಕೂಡಿಕೊಂಡನು. ಲಿಸ್ಟನಿಗೆ ಇದು ಸೋಲೆನಿಸಿತು. ಹುಡುಗನ ಕಡೆಯಿಂದ ನೋಡಿದರೆ ಅದು ಬಿಡುಗಡೆಯೇ ಇದ್ದೀತು.

ಇನ್ನೊಂದು ಕಥೆ 1847ರ ಜನವರಿಯದು. ಮೊಲ್ಡಾವಿಯದ ಯಾಶಿ ನಗರದ ಒಂದು ಸಿರಿವಂತರ ಮನೆ. ಲಿಸ್ಟ್ ಪಿಯಾನೋದಲ್ಲಿ ಆಶುವಾಗಿ ಏನನ್ನೋ ನುಡಿಸಿದನು. ಮೂಲೆಯಲ್ಲಿ ನಿಂತಿದ್ದ ಬಾರ್ಬು ಎಂಬ ಮುದುಕ ರೋಮಾ ಪಿಟೀಲುಗಾರನು ಅದನ್ನು ಒಂದೇ ಬಾರಿ ಕೇಳಿ, ಸ್ವರಕ್ಕೆ ಸ್ವರ ಬಿಡದೆ ಹಾಗೆಯೇ ಪಿಟೀಲಿನಲ್ಲಿ ಮರಳಿ ನುಡಿಸಿ ತೋರಿಸಿದನಂತೆ. ಲಿಸ್ಟ್ ಎದ್ದು ಬಂದು ಅವನನ್ನು ಅಪ್ಪಿಕೊಂಡು, ನೀನು ನನಗಿಂತ ದೊಡ್ಡವನೆಂದನಂತೆ. ಬಾಯಿಂದ ಬಾಯಿಗೆ ಬಂದ ಈ ಕಥೆಗೆ ಬಣ್ಣ ಸೇರಿರದೆ ಇಲ್ಲ. ಅದು ನಡೆದ ನಾಡಿನ ಸಂಗತಿಗೆ ಮಾತ್ರ ಬಣ್ಣದ ಅಗತ್ಯವಿಲ್ಲ. ಮೊಲ್ಡಾವಿಯದಲ್ಲಿ ಆಗ ರೋಮಾ ಜನರು ಗುಲಾಮರು. ಖಾಸಗಿ ಒಡೆಯರ ಕೈಯಲ್ಲಿದ್ದವರಿಗೆ 1855ರವರೆಗೂ ಬಿಡುಗಡೆಯಿರಲಿಲ್ಲ. ದಿವಾನಖಾನೆಯಲ್ಲಿ ಪಿಟೀಲಿಗೆ ಚಪ್ಪಾಳೆ, ಹಿತ್ತಲಿನಲ್ಲಿ ಅದೇ ಜನರ ಮಾರಾಟ.

ಆ ವರ್ಷವೇ ಎರಡನೆಯ ರಾಪ್ಸೊಡಿ ರೂಪುಗೊಂಡಿತು. ಆ ವರ್ಷದ ಸೆಪ್ಟೆಂಬರ್‌ನಲ್ಲಿಯೇ, ಮೂವತ್ತಾರು ತುಂಬುವ ಮೊದಲೇ, ಕೀರ್ತಿಯ ಶಿಖರದಲ್ಲಿದ್ದ ಲಿಸ್ಟ್ ಹಣಕ್ಕಾಗಿ ಕಛೇರಿ ನಡೆಸುವ ವೃತ್ತಿಗೆ ಶಾಶ್ವತವಾಗಿ ಕೈಮುಗಿದನು. ಕೃತಿ ಅಚ್ಚಾದದ್ದು 1851ರಲ್ಲಿ. ರಾಪ್ಸೊಡಿ ಎಂಬ ಹೆಸರಿಗೂ ಒಂದು ಕಾರಣವಿದೆ. ಪ್ರಾಚೀನ ಗ್ರೀಸಿನಲ್ಲಿ ವೀರಕಾವ್ಯಗಳನ್ನು ಊರೂರಿಗೆ ಹೋಗಿ ವಾಚಿಸುತ್ತಿದ್ದವರು ರಾಪ್ಸೋಡರು. ನಮ್ಮ ಗಮಕಿಗಳನ್ನು ನೆನೆದರೆ ಚಿತ್ರ ಕಣ್ಣಿಗೆ ಕಟ್ಟುತ್ತದೆ. ರೋಮಾ ವಾದ್ಯಗಾರರು ನುಡಿಸುವ ಬಿಡಿಬಿಡಿ ಗತಿಗಳೆಲ್ಲ, ಯಾರೂ ಬರೆದಿಡದ ಒಂದು ಮಹಾಕಾವ್ಯದ ಚೂರುಗಳೆಂದು ಲಿಸ್ಟ್ ಭಾವಿಸಿದ್ದನು. ಆ ಚೂರುಗಳನ್ನು ಹೆಕ್ಕಿ ಪೋಣಿಸುವುದು ತನ್ನ ಕೆಲಸವೆಂದು ತಿಳಿದನು.

ಕೃತಿ ಹತ್ತು ನಿಮಿಷಗಳಷ್ಟು ದೀರ್ಘವಾದದ್ದು. ಮೊದಲಿಗೆ ಭಾರವಾದ ಒಂದು ಘೋಷಣೆ, ಹೊಸ್ತಿಲಲ್ಲಿ ನಿಂತು ಕೆಮ್ಮಿ ಗಂಟಲು ಸರಿಪಡಿಸಿಕೊಂಡ ಹಿರಿಯನ ಮಾತಿನಂತೆ. ಆಮೇಲೆ ನಿಧಾನದ ಭಾಗ. ಎಡಗೈ ಮಂದ್ರದಲ್ಲಿ ಹೆಜ್ಜೆಯಿಡುತ್ತದೆ. ಬಲಗೈ ಅದರ ಮೇಲೆ ದುಃಖದ ಒಂದು ಗತಿಯನ್ನು ಎಳೆಯುತ್ತದೆ. ಅದು ಹಾಳೆಯ ಮೇಲೆ ಬರೆದ ತಾಳಕ್ಕೆ ಕಟ್ಟುಬಿದ್ದು ಸಾಗುವ ಎಳೆತವಲ್ಲ. ತಡೆದು, ಬಳುಕಿ, ಇದ್ದಕ್ಕಿದ್ದಂತೆ ತುಸು ಓಡಿ, ಮತ್ತೆ ನಿಟ್ಟುಸಿರಿಡುವ ಎಳೆತ. ಪಿಟೀಲಿನ ಕಮಾನು ಮಾಡುವುದನ್ನು ಪಿಯಾನೋದ ಸುತ್ತಿಗೆಗಳಿಂದ ಮಾಡಿಸಹೊರಟ ಸಾಹಸವದು. ನಡುವೆ ತಾರದಲ್ಲಿ, ಮಕ್ಕಳ ಆಟಿಕೆಯ ಗಂಟೆಗಳಂತೆ, ಚಿಕ್ಕದೊಂದು ಗತಿ ಕಿಣಿಕಿಣಿಗುಟ್ಟಿ ಮರೆಯಾಗುತ್ತದೆ. ಮೊದಲ ಬಾರಿ ಕೇಳುವವರು ಅದನ್ನು ಗಮನಿಸದೆ ಹೋಗುವುದೇ ಹೆಚ್ಚು. ವೇಗದ ಭಾಗ ತೊಡಗುವುದು ಅದರಿಂದಲೇ. ಪಿಸುಮಾತಿನಲ್ಲಿ, ಒಂದೇ ಸ್ವರ ಮತ್ತೆಮತ್ತೆ ಮಿಡಿಯುತ್ತ, ದೂರದ ಬೀದಿಯಿಂದ ಮೆರವಣಿಗೆ ಹತ್ತಿರವಾಗುವಂತೆ ಅದು ಬೆಳೆಯುತ್ತದೆ. ನೆರಳಿನ ಛಾಯೆಯಿಂದ ಬೆಳಕಿನ ಛಾಯೆಗೆ ಒಮ್ಮೆಗೇ ನೆಗೆಯುತ್ತದೆ. ಕೈಗಳು ಹಲಗೆಯ ಈ ತುದಿಯಿಂದ ಆ ತುದಿಗೆ ಹಾರುತ್ತವೆ. ಇನ್ನು ಇದಕ್ಕಿಂತ ಹೆಚ್ಚಿನ ವೇಗ ಮನುಷ್ಯರಿಗೆ ಸಾಧ್ಯವಿಲ್ಲವೆಂದು ತೋರುವಾಗ, ಎಲ್ಲ ನಿಂತು, ಅರೆಗಳಿಗೆಯ ಮೌನ. ಮತ್ತೆ ಕಟ್ಟಕಡೆಯ ಧಾಳಿ. ವಿಳಂಬದಿಂದ ದ್ರುತಕ್ಕೆ ಏರುವ ಕ್ರಮಕ್ಕೆ ಒಗ್ಗಿದ ನಮ್ಮ ಕಿವಿಗಳಿಗೆ ಪಾಶ್ಚಾತ್ಯ ಕೃತಿಗಳಲ್ಲಿ ಇದು ಬಲು ಬೇಗ ಒಲಿಯುವುದಕ್ಕೆ ಅದೇ ಕಾರಣವಿರಬಹುದು.

ಒಂದೇ ಸ್ವರವನ್ನು ಅಷ್ಟು ಬೇಗ ಮಿಡಿಯುವುದು ಹಳೆಯ ಪಿಯಾನೋಗಳಲ್ಲಿ ಸುಲಭವಾಗಿರಲಿಲ್ಲ. ಅವುಗಳಲ್ಲಿ ಒತ್ತಿದ ಕೀಲಿ ಪೂರ್ತಿ ಮೇಲೆದ್ದ ಹೊರತು ಸುತ್ತಿಗೆ ಎರಡನೆಯ ಪೆಟ್ಟಿಗೆ ಸಿದ್ಧವಾಗುತ್ತಿರಲಿಲ್ಲ. ಪ್ಯಾರಿಸ್ಸಿನ ಎರಾರ್ ಮನೆತನದವರು 1821ರಲ್ಲಿ ಒಂದು ಯುಕ್ತಿಯನ್ನು ಕಂಡುಹಿಡಿದರು: ಕೀಲಿ ಅರ್ಧಕ್ಕೆ ಎದ್ದರೆ ಸಾಕು, ಸುತ್ತಿಗೆ ತಂತಿಯ ಸಮೀಪದಲ್ಲೇ ತಡೆದು ನಿಂತು ಮರುಪೆಟ್ಟಿಗೆ ಕಾದಿರುತ್ತದೆ. ಬಾಲಕ ಲಿಸ್ಟ್ ಪ್ಯಾರಿಸ್ಸಿಗೆ ಬಂದ ಹೊಸತರಲ್ಲೇ ಅವನಿಗೆ ಈ ವಾದ್ಯ ದೊರೆಯಿತು. ಇಂದಿನ ಪಿಯಾನೋಗಳಲ್ಲೂ ಇರುವುದು ಆ ಯುಕ್ತಿಯೇ. ಲಿಸ್ಟ್ ಅದನ್ನು ದುಡಿಸಿಕೊಂಡದ್ದು ‘ಸಿಂಬಲಂ’ ಎಂಬ ವಾದ್ಯದ ಅನುಕರಣೆಗೆ. ಕಾಶ್ಮೀರದ ಸಂತೂರನ್ನು ನೋಡಿದವರಿಗೆ ಸಿಂಬಲಂ ಅಪರಿಚಿತವಲ್ಲ. ಹಲಗೆಯ ಮೇಲೆ ಬಿಗಿದ ತಂತಿಗಳನ್ನು ಎರಡು ಕಡ್ಡಿಗಳಿಂದ ಬಡಿದು ನುಡಿಸುವ ಅದೇ ಕುಲ. ರೋಮಾ ತಂಡಗಳಲ್ಲಿ ಪಿಟೀಲಿನ ಜೊತೆಗೆ ಇದು ಇದ್ದೇ ಇರುತ್ತದೆ. ಹೀಗೆ ಪ್ಯಾರಿಸ್ಸಿನ ಕುಶಲಕರ್ಮಿಗಳು ರಾಜಸಭೆಗಳಿಗೆಂದು ರೂಪಿಸಿದ ವಾದ್ಯ, ಹೆಂಡದಂಗಡಿಯ ಮೂಲೆಯಲ್ಲಿ ಕುಳಿತ ಸಿಂಬಲಂಕಾರನ ಮಣಿಕಟ್ಟನ್ನು ಅನುಸರಿಸತೊಡಗಿತು.

ಇಲ್ಲಿ ನಮ್ಮ ಸಂಗೀತ ಬಲ್ಲವರ ಕುತೂಹಲವನ್ನು ಕೆರಳಿಸುವ ಒಂದು ಸಂಗತಿಯಿದೆ. ಈ ಸಂಪ್ರದಾಯದಲ್ಲಿ ‘ಜಿಪ್ಸಿ ಸ್ವರಶ್ರೇಣಿ’ ಎಂದು ಹೆಸರಾದ ಒಂದು ಮೇಳವಿದೆ. ಅದರ ಸ್ವರಗಳು: ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಪ್ರತಿ ಮಧ್ಯಮ, ಪಂಚಮ, ಶುದ್ಧ ಧೈವತ, ಕಾಕಲಿ ನಿಷಾದ. ಎಂದರೆ 57ನೆಯ ಮೇಳಕರ್ತವಾದ ನಮ್ಮ ಸಿಂಹೇಂದ್ರಮಧ್ಯಮ! ರೋಮಾ ಜನರ ಪೂರ್ವಿಕರು ಸುಮಾರು ಸಾವಿರ ವರ್ಷಗಳ ಹಿಂದೆ ಉತ್ತರ ಭಾರತದಿಂದ ಪಶ್ಚಿಮಕ್ಕೆ ಹೊರಟವರೆಂಬುದು ಭಾಷಾಶಾಸ್ತ್ರದಿಂದ ಸಿದ್ಧವಾದ ವಿಷಯ. ಅವರ ನುಡಿಯಲ್ಲಿ ನೀರಿಗೆ ‘ಪಾನಿ’, ಮನುಷ್ಯನಿಗೆ ‘ಮನುಷ್’, ಕಪ್ಪು ಬಣ್ಣಕ್ಕೆ ‘ಕಾಲೋ’ ಎನ್ನುತ್ತಾರೆ. 1780ರ ದಶಕದಲ್ಲಿಯೇ ಜರ್ಮನ್ ವಿದ್ವಾಂಸರು ಈ ನಂಟನ್ನು ಗುರುತಿಸಿದ್ದರು. ಇಷ್ಟನ್ನು ನೋಡಿ, ನಮ್ಮ ರಾಗವೇ ನಡೆದು ನಡೆದು ಹಂಗೇರಿಯನ್ನು ಸೇರಿತೆಂದು ಹಿಗ್ಗುವ ಆಸೆ ಯಾರಿಗಾದರೂ ಹುಟ್ಟೀತು. ಹಿಗ್ಗನ್ನು ತಡೆದುಕೊಳ್ಳುವುದೇ ಲೇಸು. ಸ್ವರಗಳು ಒಂದೇ ಆದರೆ ರಾಗ ಒಂದೇ ಆಗುವುದಿಲ್ಲವೆಂಬುದು ನಮ್ಮಲ್ಲಿ ಬಾಲಪಾಠ. ಒಂದೂವರೆ ಶತಮಾನ ಹಂಗೇರಿಯನ್ನು ಆಳಿದ ತುರ್ಕರ ಸಂಗೀತದಲ್ಲೂ ಇಂಥ ಅಗಲವಾದ ಸ್ವರಾಂತರಗಳು ಧಾರಾಳವಾಗಿವೆ. ರೋಮಾ ವಾದ್ಯಗಾರರು ಹೋದಲ್ಲೆಲ್ಲ ಆಯಾ ನಾಡಿನ ಕೇಳುಗರಿಗೆ ಬೇಕಾದುದನ್ನು ನುಡಿಸಿ ಹೊಟ್ಟೆ ಹೊರೆದವರು. ಮನೆಯೊಳಗೆ ತಮಗಾಗಿ ಹಾಡಿಕೊಳ್ಳುತ್ತಿದ್ದ ಹಾಡುಗಳೇ ಬೇರೆ.

ಕೃತಿಯ ಮೊದಲ ಪುಟದ ಮೇಲೆ ಒಂದು ಅರ್ಪಣೆಯಿದೆ: ಕೌಂಟ್ ಲಾಸ್ಲೋ ಟೆಲೆಕಿಗೆ. ಹುಡುಗನನ್ನು ಉಡುಗೊರೆಯಾಗಿ ಕೊಟ್ಟ ಟೆಲೆಕಿ ಇವನಲ್ಲ, ಅದೇ ಮನೆತನದ ಇನ್ನೊಬ್ಬ. ಲಿಸ್ಟ್ ಹುಟ್ಟಿದ ವರ್ಷವೇ ಹುಟ್ಟಿದವನು, ನಾಟಕಕಾರ, ದೇಶಭಕ್ತ. 1848ರಲ್ಲಿ ಹಂಗೇರಿ ಆಸ್ಟ್ರಿಯದ ವಿರುದ್ಧ ಎದ್ದಾಗ ಲಾಸ್ಲೋ ಟೆಲೆಕಿ ಹೊಸ ಸರ್ಕಾರದ ಪ್ರತಿನಿಧಿಯಾಗಿ ಪ್ಯಾರಿಸ್ಸಿನಲ್ಲಿ ನಿಂತನು. ಕ್ರಾಂತಿ ರಕ್ತದಲ್ಲಿ ಮುಳುಗಿತು. 1849ರ ಅಕ್ಟೋಬರ್ 6ರಂದು ಆಸ್ಟ್ರಿಯದವರು ಹಂಗೇರಿಯ ಮಾಜಿ ಪ್ರಧಾನಮಂತ್ರಿಯನ್ನು ಪೆಸ್ಟ್‌ನಲ್ಲಿಯೂ, ಹದಿಮೂರು ಮಂದಿ ಸೇನಾನಾಯಕರನ್ನು ಅರಾಡ್ ಎಂಬಲ್ಲಿಯೂ ಕೊಂದರು. ದೇಶಭ್ರಷ್ಟನಾದ ಟೆಲೆಕಿಗೆ ಗೈರುಹಾಜರಿಯಲ್ಲಿ ಮರಣದಂಡನೆ ವಿಧಿಸಲಾಯಿತು.

ಆಗ ಲಿಸ್ಟ್ ಎಲ್ಲಿದ್ದನು? ಜರ್ಮನಿಯ ವೈಮಾರ್ ನಗರದಲ್ಲಿ, ಅಲ್ಲಿಯ ದೊರೆಯ ಸಂಗೀತ ನಿರ್ದೇಶಕನಾಗಿ. ಪ್ಯಾರಿಸ್ಸಿನಲ್ಲಿ ಹಾಸಿಗೆ ಹಿಡಿದಿದ್ದ ಜರ್ಮನ್ ಕವಿ ಹೈನೆ ಆ ಅಕ್ಟೋಬರ್ ತಿಂಗಳನ್ನು ಕುರಿತು ಬರೆದ ಕವಿತೆಯಲ್ಲಿ ಲಿಸ್ಟನನ್ನು ಚುಚ್ಚದೆ ಬಿಡಲಿಲ್ಲ. ಲಿಸ್ಟ್ ಯುದ್ಧಭೂಮಿಯಲ್ಲಿ ಬೀಳಲಿಲ್ಲ, ಅವನ ಗೌರವ ಖಡ್ಗ ಮೇಜಿನ ಖಾನೆಯಲ್ಲಿ ಭದ್ರವಾಗಿದೆ ಎಂಬುದು ಆ ಚುಚ್ಚುಮಾತಿನ ತಾತ್ಪರ್ಯ. ಪಿಯಾನೋ ವಾದಕನಿಂದ ಕತ್ತಿವರಸೆಯನ್ನು ನಿರೀಕ್ಷಿಸುವುದು ಅನ್ಯಾಯವೆಂದು ಹೇಳಬಹುದು; ಆದರೆ ಖಡ್ಗವನ್ನು ಸ್ವೀಕರಿಸಿದವನು ಈ ಮಾತನ್ನು ಕೇಳಿಸಿಕೊಳ್ಳಬೇಕಾದುದೇ. ಲಿಸ್ಟ್ ಕೊಟ್ಟ ಉತ್ತರ ಅವನಿಗೆ ಗೊತ್ತಿದ್ದ ಒಂದೇ ರೀತಿಯದು. ಆ ತಿಂಗಳ ಹೆಸರನ್ನು ಹೊತ್ತ ‘ಫ್ಯುನೆರೈ’ ಎಂಬ ಶೋಕಗತಿಯನ್ನು ರಚಿಸಿದನು. ಎರಡು ವರ್ಷಗಳಲ್ಲಿ ಎರಡನೆಯ ರಾಪ್ಸೊಡಿ ಅಚ್ಚಾದಾಗ, ರಾಜದ್ರೋಹಿಯೆಂದು ಹೊರದೂಡಲ್ಪಟ್ಟವನ ಹೆಸರು ಅದರ ಮೊದಲ ಪುಟದಲ್ಲಿತ್ತು. ಇಂದು ಬೆಕ್ಕು ಇಲಿಗಳ ನಗೆಯಾಟದಲ್ಲಿ ಕೇಳುವ ಸಂಗೀತದ ಹಣೆಯ ಮೇಲೆ ಆ ಹೆಸರಿದೆಯೆಂಬುದು ಎಷ್ಟು ಜನರಿಗೆ ತಿಳಿದಿದೆ?

ಲಿಸ್ಟನಿಗೆ ನಿಜವಾದ ಪೆಟ್ಟು ಬಿದ್ದದ್ದು 1859ರಲ್ಲಿ. ಹಂಗೇರಿಯ ರೋಮಾ ಜನರನ್ನೂ ಅವರ ಸಂಗೀತವನ್ನೂ ಕುರಿತು ಆ ವರ್ಷ ಫ್ರೆಂಚಿನಲ್ಲಿ ಅವನೊಂದು ಗ್ರಂಥ ಪ್ರಕಟಿಸಿದನು. ಹಂಗೇರಿಯ ಸಂಗೀತವೆಂದು ಲೋಕ ತಿಳಿದಿರುವುದೆಲ್ಲ ರೋಮಾ ಜನರ ಸೃಷ್ಟಿ, ಹಂಗೇರಿಯವರು ಅದಕ್ಕೆ ಆಶ್ರಯ ಕೊಟ್ಟವರು ಮಾತ್ರ ಎಂಬುದು ಅದರ ವಾದ. ಹತ್ತು ವರ್ಷಗಳ ಹಿಂದೆ ಎಲ್ಲವನ್ನೂ ಕಳೆದುಕೊಂಡು, ಹಾಡೊಂದೇ ನಮ್ಮದೆಂದು ಎದೆಗವಚಿಕೊಂಡಿದ್ದ ಜನರಿಗೆ ಈ ಮಾತು ಹೇಗಿದ್ದೀತು! ಖಡ್ಗ ಕೊಟ್ಟ ಕೈಗಳೇ ಕಲ್ಲನ್ನೆತ್ತಿಕೊಂಡವು. ಗ್ರಂಥವೂ ದೋಷಗಳ ಗಣಿಯೇ. ಲಿಸ್ಟನ ಸಂಗಾತಿಯಾಗಿದ್ದ ರಾಜಕುಮಾರಿ ಕ್ಯಾರೋಲಿನಳ ಉದ್ದುದ್ದ ವಾಕ್ಯಗಳು ಅದರಲ್ಲಿ ಧಾರಾಳ. ಯೆಹೂದ್ಯರನ್ನು ಕುರಿತ ಮಾತುಗಳು ಓದಲು ನಾಚಿಕೆ ತರುವಂಥವು. ಆದರೂ ಒಂದು ವಿಷಯವನ್ನು ಒಪ್ಪಿಕೊಳ್ಳಬೇಕು. ಯಾರನ್ನು ಊರ ಹೊರಗಿಟ್ಟು ಹಬ್ಬದ ದಿನ ಮಾತ್ರ ಒಳಗೆ ಕರೆಯುತ್ತಿದ್ದರೋ, ಅವರನ್ನು ಕಲಾವಿದರೆಂದು ಲೋಕದ ಮುಂದೆ ಸಾರಿ ಹೇಳಲು ಲಿಸ್ಟ್ ತನ್ನ ಕೀರ್ತಿಯನ್ನು ಪಣವಾಗಿ ಒಡ್ಡಿದನು. ವಾದ ತಪ್ಪಾಗಿತ್ತು; ಸಾಲ ತೀರಿಸಬೇಕೆಂಬ ಮನಸ್ಸು ಸುಳ್ಳಾಗಿರಲಿಲ್ಲ.

ವಾದ ಎಷ್ಟು ತಪ್ಪಾಗಿತ್ತೆಂಬುದು ತಿಳಿಯಲು ಅರ್ಧ ಶತಮಾನ ಬೇಕಾಯಿತು. 1904ರಲ್ಲಿ ಬೇಲಾ ಬಾರ್ಟೋಕ್ ಎಂಬ ತರುಣ ಹಂಗೇರಿಯ ಹಳ್ಳಿಗಾಡಿನಲ್ಲಿ ತಂಗಿದ್ದಾಗ, ಟ್ರಾನ್ಸಿಲ್ವೇನಿಯದಿಂದ ಬಂದಿದ್ದ ಮನೆಗೆಲಸದ ಹುಡುಗಿಯೊಬ್ಬಳು ಹಾಡಿಕೊಳ್ಳುತ್ತಿದ್ದ ಹಾಡೊಂದು ಅವನ ಕಿವಿಗೆ ಬಿತ್ತು. ಅಂಥದನ್ನು ಅವನು ಎಂದೂ ಕೇಳಿರಲಿಲ್ಲ. ಲಿಸ್ಟನ ಮಾದರಿಯಲ್ಲೇ ಆಗ ತಾನೂ ಒಂದು ರಾಪ್ಸೊಡಿಯನ್ನು ಬರೆಯುತ್ತಿದ್ದ ಬಾರ್ಟೋಕನ ದಾರಿ ಅಲ್ಲಿಂದ ತಿರುಗಿತು. ಅವನೂ ಗೆಳೆಯ ಜೋಲ್ಟಾನ್ ಕೊಡಾಯಿಯೂ ಎಡಿಸನ್ನನ ಧ್ವನಿಮುದ್ರಣ ಯಂತ್ರವನ್ನು ಹೊತ್ತುಕೊಂಡು ಹಳ್ಳಿಹಳ್ಳಿ ಅಲೆದು, ಮುದುಕಿಯರನ್ನು ಕಾಡಿ ಬೇಡಿ ಹಾಡಿಸಿ, ಮೇಣದ ಉರುಳೆಗಳ ಮೇಲೆ ಸಾವಿರಾರು ಹಾಡುಗಳನ್ನು ಹಿಡಿದರು. ಬೆನ್ನಿಗೆ ಚೀಲ ಕಟ್ಟಿಕೊಂಡು ಹೊರಡಬೇಕೆಂದು 1838ರಲ್ಲಿ ಲಿಸ್ಟ್ ಕಂಡ ಕನಸನ್ನು ನಡೆಸಿದವರು ಇವರು.

ಅವರಿಗೆ ಅಲ್ಲಿ ದೊರೆತದ್ದು ರಾಪ್ಸೊಡಿಗಳ ಸಂಗೀತವಾಗಿರಲಿಲ್ಲ. ರೈತರ ಹಳೆಯ ಹಾಡುಗಳು ಐದೇ ಸ್ವರಗಳ, ಅಲಂಕಾರ ಕಡಿಮೆಯ, ನಮ್ಮ ಹಳ್ಳಿಯ ಹಾಡುಗಳಂತೆ ನೇರವಾದ ಸಂಗೀತ. ರೋಮಾ ತಂಡಗಳು ನುಡಿಸುತ್ತಿದ್ದುದರಲ್ಲಿ ಬಹುಭಾಗ ಹತ್ತೊಂಬತ್ತನೆಯ ಶತಮಾನದ ಹಂಗೇರಿಯ ಮಧ್ಯಮವರ್ಗದವರೂ ಸರದಾರರೂ ಹವ್ಯಾಸಕ್ಕಾಗಿ ಕಟ್ಟಿದ ಹಾಡುಗಳು ಎಂದು ಬಾರ್ಟೋಕ್ ಬರೆದನು. ಹೀಗೆ ಲಿಸ್ಟನ ಕೃತಿ ‘ಜಾನಪದ’ವೂ ಅಲ್ಲ, ಅವನು ನಂಬಿದಂತೆ ‘ಜಿಪ್ಸಿ’ಯೂ ಅಲ್ಲ ಎಂದಾಯಿತು. ಬಾರ್ಟೋಕನಿಂದ ಕಲಿತವರು ರಾಪ್ಸೊಡಿಗಳನ್ನು ಕಂಡರೆ ಮೂಗು ಮುರಿಯತೊಡಗಿದರು. ಬಾರ್ಟೋಕ್ ಮಾತ್ರ ಅಷ್ಟು ದೂರ ಹೋಗಲಿಲ್ಲ. ಲಿಸ್ಟನ ದೊಡ್ಡತನ ಬೇರೆ ಕೃತಿಗಳಲ್ಲಿದೆಯೆಂದೇ ನಂಬಿದ್ದ ಅವನು, 1936ರಲ್ಲಿ ಹಂಗೇರಿಯ ವಿಜ್ಞಾನ ಅಕಾಡೆಮಿಯಲ್ಲಿ ಮಾಡಿದ ಭಾಷಣದಲ್ಲಿ, ರಾಪ್ಸೊಡಿಗಳು ತಮ್ಮ ಜಾತಿಯಲ್ಲಿ ಕುಂದಿಲ್ಲದ ರಚನೆಗಳೆಂದೂ, ಆ ಸಾಮಗ್ರಿಯಿಂದ ಅದಕ್ಕಿಂತ ಚೆನ್ನಾಗಿ ಕಟ್ಟಲು ಬರುವಂತಿಲ್ಲವೆಂದೂ ಒಪ್ಪಿಕೊಂಡನು.

ಇಷ್ಟೆಲ್ಲ ತಿಳಿದ ಮೇಲೂ ರೋಮಾ ವಾದ್ಯಗಾರನ ಪಾಲು ಏನೆಂಬ ಪ್ರಶ್ನೆ ಉಳಿದೇ ಇದೆ. ಹಾಡನ್ನು ಕಟ್ಟಿದವನು ಯಾರೋ ಜಮೀನ್ದಾರನಿರಬಹುದು. ಅದನ್ನು ತಡೆದವನು, ಬಳುಕಿಸಿದವನು, ನಿಟ್ಟುಸಿರಾಗಿಸಿದವನು, ನಾಲ್ಕು ಸ್ವರಗಳ ನಡುವೆ ನಲವತ್ತನ್ನು ಹೆಣೆದವನು ನುಡಿಸಿದವನೇ. ಕೀರ್ತನೆ ಒಂದೇ ಆದರೂ ಹಾಡುವವನ ಬಾಯಲ್ಲಿ ಅದು ಏನಾಗುತ್ತದೆಂಬುದನ್ನು ಬಲ್ಲ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಲಿಸ್ಟ್ ಪಿಯಾನೋದ ಮೇಲೆ ಇಳಿಸಿದ್ದು ಹಾಡಿಗಿಂತ ಹೆಚ್ಚಾಗಿ ಆ ನುಡಿಸಾಣಿಕೆಯನ್ನು. ಬಾರ್ಟೋಕನ ವಾದ ಹಾಡಿನ ಒಡೆತನವನ್ನು ಇತ್ಯರ್ಥ ಮಾಡಿತು, ನುಡಿಸಾಣಿಕೆಯ ಒಡೆತನವನ್ನು ಮುಟ್ಟಲಿಲ್ಲ.

ಟೆಲೆಕಿಯ ಕಥೆ ಕೆಟ್ಟದಾಗಿ ಮುಗಿಯಿತು. 1860ರಲ್ಲಿ ಅವನು ಡ್ರೆಸ್ಡೆನ್ನಿನಲ್ಲಿ ಸೆರೆಸಿಕ್ಕಿ ಆಸ್ಟ್ರಿಯದ ವಶವಾದನು. ಚಕ್ರವರ್ತಿ ಷರತ್ತುಗಳನ್ನು ಹೇರಿ ಕ್ಷಮೆ ನೀಡಿದನು. ಕೊಟ್ಟ ಮಾತಿಗೂ ದೇಶದ ಕರೆಗೂ ನಡುವೆ ಸಿಲುಕಿದ ಟೆಲೆಕಿ, 1861ರ ಮೇ 8ರಂದು, ಶಾಸನಸಭೆಯಲ್ಲಿ ಮಹತ್ತ್ವದ ಭಾಷಣ ಮಾಡಬೇಕಾಗಿದ್ದ ದಿನವೇ, ಗುಂಡು ಹಾರಿಸಿಕೊಂಡು ಸತ್ತದ್ದು ಕಂಡುಬಂದಿತು. ಇಪ್ಪತ್ತನಾಲ್ಕು ವರ್ಷಗಳಾದ ಮೇಲೆ, 1885ರಲ್ಲಿ, ಸಾವಿಗೆ ಒಂದು ವರ್ಷ ಮುಂಚೆ, ಮುದುಕ ಲಿಸ್ಟ್ ಹಂಗೇರಿಯ ಏಳು ಮಹನೀಯರ ಸ್ವರಚಿತ್ರಗಳನ್ನು ಬರೆದನು. ಅವರಲ್ಲಿ ಲಾಸ್ಲೋ ಟೆಲೆಕಿ ಒಬ್ಬ. ಮಂದ್ರದಲ್ಲಿ ನಾಲ್ಕೇ ಸ್ವರಗಳು ಗಾಣದೆತ್ತಿನಂತೆ ಸುತ್ತುತ್ತವೆ. ಮೇಲೆ ಬರುವುದೆಲ್ಲ ಆ ಸುತ್ತಿನಿಂದ ಬಿಡಿಸಿಕೊಳ್ಳಲಾರದೆ ಒದ್ದಾಡುತ್ತದೆ. ಫ್ರಿಷ್ಕದ ಕುಣಿತದ ಸುಳಿವೂ ಅಲ್ಲಿಲ್ಲ. ಆ ಚಿತ್ರಮಾಲೆ ಅಚ್ಚಾದದ್ದು 1956ರಲ್ಲಿ, ಲಿಸ್ಟ್ ಸತ್ತು ಎಪ್ಪತ್ತು ವರ್ಷಗಳಾದ ಮೇಲೆ. ರಾಪ್ಸೊಡಿಯನ್ನು ಕೇಳಿದವರು ಕೋಟಿಗಟ್ಟಲೆ. ಇದನ್ನು ಕೇಳಿದವರು ಬೆರಳೆಣಿಕೆಯಷ್ಟು ಎನ್ನಬೇಕು.

ಎರಡನೆಯ ರಾಪ್ಸೊಡಿಯ ಕೊನೆಯ ಧಾಳಿಗೆ ಮುನ್ನ ಬರುವ ಆ ಅರೆಗಳಿಗೆಯ ಮೌನದಲ್ಲಿ, ಲಿಸ್ಟ್ ಬರೆಯದೆ ಬಿಟ್ಟ ಒಂದು ಜಾಗವಿದೆ. ನುಡಿಸುವವನು ತನ್ನ ಇಚ್ಛೆಯಂತೆ ಕಲ್ಪನೆಯನ್ನು ಹರಿಯಬಿಡಲಿ ಎಂಬ ಸೂಚನೆ ಮಾತ್ರ ಅಲ್ಲುಂಟು. ಕಾಗದದ ಮೇಲಿನ ಸಂಗೀತವನ್ನು ಚಾಚೂ ತಪ್ಪದೆ ನುಡಿಸುವುದನ್ನೇ ಕಲಿತ ಪಾಶ್ಚಾತ್ಯ ವಾದಕರಲ್ಲಿ ಬಹುಮಂದಿ ಅದನ್ನು ಹಾರಿಸಿ ಮುಂದೆ ಸಾಗುತ್ತಾರೆ. ರಷ್ಯದ ರಖ್ಮಾನಿನಾಫ್ ಹಾರಿಸಲಿಲ್ಲ; 1919ರ ಅವನ ಧ್ವನಿಮುದ್ರಿಕೆಯಲ್ಲಿ ಆ ಜಾಗದಲ್ಲಿ ಅವನದೇ ಕಲ್ಪನೆಯಿದೆ. 1953ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಸಭಾಂಗಣದಲ್ಲಿ ಹೊರೊವಿಟ್ಜ್ ಇಡೀ ಕೃತಿಗೇ ತನ್ನ ಕೈವಾಡವನ್ನು ಸೇರಿಸಿ ನುಡಿಸಿದನು. ಶಾಸ್ತ್ರನಿಷ್ಠರು ಇದನ್ನು ಅಪಚಾರವೆಂದರು. ಸ್ವರಪಾಠವನ್ನು ಒಲ್ಲದೆ ಪ್ಯಾರಿಸ್ ಬಿಟ್ಟುಹೋದ ಯೋಜಿ ಇದ್ದಿದ್ದರೆ ಏನೆನ್ನುತ್ತಿದ್ದನೋ!

1984ರಲ್ಲಿ ಬುಡಾಪೆಸ್ಟಿನಲ್ಲಿ ಶಾಂಡೋರ್ ಯಾರೋಕ ಎಂಬ ಹೆಸರಾಂತ ರೋಮಾ ಪಿಟೀಲುಗಾರನು ತೀರಿಕೊಂಡನು. ಅವನ ಶವಸಂಸ್ಕಾರಕ್ಕೆ ಊರೂರುಗಳಿಂದ ಬಂದ ರೋಮಾ ವಾದ್ಯಗಾರರು, ತಮ್ಮವರ ಪದ್ಧತಿಯಂತೆ, ಗೋರಿಯ ಬಳಿ ಕೂಡಿ ನುಡಿಸಿದರು. ಹಾಗೆ ಕೂಡಿದವರು ಮರುವರ್ಷವೇ ನೂರು ಮಂದಿಯ ಒಂದು ವಾದ್ಯವೃಂದವನ್ನು ಕಟ್ಟಿದರು. ಬುಡಾಪೆಸ್ಟಿನ ಆ ವೃಂದ ದೇಶದೇಶಗಳಲ್ಲಿ ನುಡಿಸಿದ ಕೃತಿಗಳಲ್ಲಿ ಲಿಸ್ಟನ ಎರಡನೆಯ ರಾಪ್ಸೊಡಿಯೂ ಒಂದು. ಅಲ್ಲಿ ಪಿಯಾನೋ ಇಲ್ಲ. ಫ್ರಿಷ್ಕದಲ್ಲಿ ಒಂದೇ ಸ್ವರ ಮತ್ತೆಮತ್ತೆ ಮಿಡಿಯುವ ಜಾಗ ಬಂದಾಗ ಸಿಂಬಲಂ ವಾದಕರು ಕಡ್ಡಿಗಳನ್ನು ಕೈಗೆತ್ತಿಕೊಳ್ಳುತ್ತಾರೆ.